ಹಚ್ಚಿಕೊಂಡ ಮಗು: ತಾಯಿತಂದೆಗಳು ಅರಿಯಬೇಕಾದ ಒಂದು ಮಾತು

ಕಳೆದ ಆಷಾಢದ ಕೊನೆಯಲ್ಲಿ ನಮ್ಮ ತಂಗಿಯ ಮಗಳ ಕುಟುಂಬದವರೊಡನೆ ಬೆಂಗಳೂರು ದಂಡುಪ್ರದೇಶದ ಕಮರ್ಷಿಯಲ್ ಸ್ಟ್ರೀಟಿಗೆ ಹೋಗುವ ಪ್ರಸಂಗವೊದಗಿತು. ಶ್ರಾವಣದಲ್ಲಿ ಬಂಧುಗಳ ಮನೆಯಲ್ಲಿ ತೊಟ್ಟಿಲು ಸಮಾರಂಭವಿತ್ತು. ಬಾಣಂತಿಗೆ ಸೀರೆ, ಕೂಸಿಗೆ ಅಂಗಿ ಕುಲಾವಿ, ಹಿರಿಯರಿಗೆ ಶಾಲು ಹೀಗೆ ಪಟ್ಟಿ ದೊಡ್ಡದಿತ್ತು. ತಾಳೆಗರಿ ಮತ್ತು ಗ್ರಂಥಗಳ ನಡುವೆ ಆಯುಷ್ಯ ಕಳೆದ ನಮ್ಮಂಥವರಿಗೆ ಆ ಬೀದಿಯಲ್ಲಿ ಮಾಡುವ ಕೆಲಸವೇನೂ ಇರಲಿಲ್ಲ. ಕಾಮರಾಜ ರಸ್ತೆಯ ಕಡೆಯಿಂದ ಒಳಹೊಕ್ಕು, ಅಂಗಡಿಯೊಂದರ ಮುಂದಿನ ಮೆಟ್ಟಿಲ ಮೇಲೆ ನಿಂತು, ಚೀಲಗಳನ್ನು ಕಾಯುತ್ತ ಜನರನ್ನು ನೋಡುತ್ತಿದ್ದೆವು.

ಸಾಬೂನುನೀರಿನ ಗುಳ್ಳೆ ಹಾರಿಸುವ ಆಟಿಕೆಯನ್ನು ಮಾರುವವನೊಬ್ಬನು ಅಲ್ಲಿ ನಿಂತಿದ್ದನು. ಅವನ ಮುಂದೆ ಮೂರು ವರ್ಷದ ಒಂದು ಹೆಣ್ಣುಮಗು ನೆಲಕ್ಕೆ ಕುಳಿತುಬಿಟ್ಟಿತು. ತಾಯಿ ಕರೆದಳು, ತಂದೆ ಕರೆದನು, ಮಗು ಏಳಲಿಲ್ಲ. “ಬರ್ತೀಯೋ ಇಲ್ವೋ? ಸರಿ, ನೀನು ಇಲ್ಲೇ ಇರು, ನಾವು ಹೊರಟ್ವಿ” ಎಂದು ಹೇಳಿ ಇಬ್ಬರೂ ಹತ್ತು ಹೆಜ್ಜೆ ನಡೆದು, ಮುಂದಿನ ಅಂಗಡಿಯ ಮರೆಗೆ ನಿಂತರು. ತಂದೆಯ ಮುಖದಲ್ಲಿ ನಗುವಿತ್ತು. ಮಗು ಇನ್ನೂ ಸ್ವಲ್ಪ ಹೊತ್ತು ಗುಳ್ಳೆಗಳನ್ನೇ ನೋಡುತ್ತಿದ್ದು, ಆಮೇಲೆ ತಲೆಯೆತ್ತಿತು. ತಾಯಿಯಿದ್ದ ಜಾಗದಲ್ಲಿ ಬೇರೆ ಯಾರೋ ಇದ್ದರು. ಮಗು ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ತಿರುಗಿತು. ಆಮೇಲೆ ಅದರ ಬಾಯಿಂದ ಹೊರಟ ದನಿ ಆಟಿಕೆಗಾಗಿ ಅಳುವ ದನಿಯಾಗಿರಲಿಲ್ಲ. ತಾಯಿ ಓಡಿಬಂದು ಎತ್ತಿಕೊಂಡಳು. ಸುತ್ತಲಿನವರು ನಕ್ಕರು. ನಾವೂ ನಕ್ಕಿರಬಹುದು, ಏಕೆಂದರೆ ಈ ಉಪಾಯವನ್ನು ನಾವು ಎಷ್ಟೋ ಮನೆಗಳಲ್ಲಿ ಕಂಡಿದ್ದೇವೆ. ಆ ಬೀದಿಯಲ್ಲಿ ಕನ್ನಡ, ತಮಿಳು, ಉರ್ದು, ಇಂಗ್ಲಿಷು ಎಲ್ಲವೂ ಕಿವಿಗೆ ಬೀಳುತ್ತವೆ. ಈ ಒಂದು ಮಾತು ಅವೆಲ್ಲ ಭಾಷೆಗಳಲ್ಲಿಯೂ ಉಂಟು. ಆದರೆ ಆ ಮಗು ಆಮೇಲೆ ತಾಯಿಯ ಕೊರಳನ್ನು ಬಿಡಲೇ ಇಲ್ಲ. ತಂದೆ ಆಟಿಕೆಯನ್ನು ಕೊಂಡು ತಂದು ಕೈಗಿತ್ತರೂ ಅದರ ಕಡೆ ನೋಡಲಿಲ್ಲ. ಅದನ್ನು ಕಂಡ ಮೇಲೆ ಈ ಲೇಖನವನ್ನು ಬರೆಯಬೇಕೆನಿಸಿತು.

ಮಗುವಿಗೂ ಅದನ್ನು ಸಲಹುವವರಿಗೂ ನಡುವೆ ಬೆಳೆಯುವ ಈ ನಂಟನ್ನು ಮನಶ್ಶಾಸ್ತ್ರದ ಗ್ರಂಥಗಳು ಅನುಬಂಧ, ವಾತ್ಸಲ್ಯಬಂಧ ಮುಂತಾದ ದೊಡ್ಡ ಮಾತುಗಳಿಂದ ಕರೆಯುತ್ತವೆ. ನಮ್ಮ ತಾಯಂದಿರ ಮಾತು ಇವೆಲ್ಲಕ್ಕಿಂತ ಚೊಕ್ಕವಾದುದು. “ಕೂಸು ಅಜ್ಜಿಯನ್ನು ಬಹಳ ಹಚ್ಚಿಕೊಂಡಿದೆ” ಎನ್ನುತ್ತಾರೆ. ಹಣೆಗೆ ವಿಭೂತಿ ಹಚ್ಚುತ್ತೇವೆ, ದೀಪ ಹಚ್ಚುತ್ತೇವೆ. ಇವು ನಾವು ಮಾಡುವ ಕೆಲಸಗಳು. ಹಚ್ಚಿಕೊಳ್ಳುವುದಾದರೋ ಮಗು ತಾನೇ ಮಾಡುವ ಕೆಲಸ. ಅದನ್ನು ನಾವು ಅದಕ್ಕೆ ಮಾಡಿಕೊಡಲಾಗದು. ಹಚ್ಚಿಕೊಳ್ಳಲು ಒಬ್ಬರು ಅದಕ್ಕೆ ನಿಶ್ಚಿತವಾಗಿ ದೊರೆಯುವಂತೆ ಮಾಡುವುದಷ್ಟೇ ನಮ್ಮ ಕೈಯಲ್ಲಿದೆ.

ಮೊದಲ ತಿಂಗಳುಗಳಲ್ಲಿ ಕೂಸು ಎತ್ತಿಕೊಂಡವರೆಲ್ಲರ ಕೈಗೂ ಹೋಗುತ್ತದೆ. ಆರೇಳು ತಿಂಗಳಾದ ಮೇಲೆ ಅದಕ್ಕೆ ತನ್ನವರು ಯಾರೆಂಬುದು ಖಚಿತವಾಗುತ್ತದೆ. ಹೊಸಮುಖ ಕಂಡರೆ ಅಳುತ್ತದೆ, ತಾಯಿ ಅಡುಗೆಮನೆಗೆ ಹೋದರೂ ತೆವಳುತ್ತ ಹಿಂದೆ ಹೋಗುತ್ತದೆ. ಎತ್ತಿಕೊಂಡಾಗ ತಾಯಿಯ ಕೊರಳಿನ ಶಿವದಾರವನ್ನು ಹಿಡಿದು, ಎದೆಯ ಮೇಲಿನ ಕರಡಿಗೆಯನ್ನು ಬಾಯಿಗಿಡಲು ನೋಡುವ ಕೂಸನ್ನು ಕಾಣದ ಲಿಂಗಾಯತ ಮನೆಯುಂಟೇ? “ಮೊದಲು ಎಲ್ಲರ ಹತ್ತಿರವೂ ಹೋಗುತ್ತಿತ್ತು, ಈಗ ಹಟಮಾರಿಯಾಗಿದೆ” ಎಂದು ಹಿರಿಯರು ಆಗ ದೂರುವುದುಂಟು. ಅದು ಹಟವಲ್ಲ, ಬೆಳವಣಿಗೆ.

ಇದನ್ನು ಶಾಸ್ತ್ರವಾಗಿ ಕಟ್ಟಿದವರು ಇಂಗ್ಲೆಂಡಿನ ವೈದ್ಯ ಜಾನ್ ಬೋಲ್ಬಿ. 1907ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಅವರು ಹೆಸರಾಂತ ಶಸ್ತ್ರವೈದ್ಯರ ಮಗ. ಅಂದಿನ ಸಿರಿವಂತ ಮನೆಗಳ ಪದ್ಧತಿಯಂತೆ ತಾಯಿಯನ್ನು ದಿನದಲ್ಲಿ ಸ್ವಲ್ಪ ಹೊತ್ತು ಮಾತ್ರ ಕಾಣುತ್ತ, ದಾದಿಯ ಕೈಯಲ್ಲಿ ಬೆಳೆದರು. ಅವರಿಗೆ ನಾಲ್ಕು ವರ್ಷವಾಗುವ ಹೊತ್ತಿಗೆ, ಅವರು ಹಚ್ಚಿಕೊಂಡಿದ್ದ ಆ ದಾದಿ ಕೆಲಸ ಬಿಟ್ಟು ಹೋದಳು. ಆ ಅಗಲಿಕೆಯನ್ನು ಅವರು ಮುಪ್ಪಿನವರೆಗೂ ಮರೆತಿರಲಿಲ್ಲ. ಎರಡನೆಯ ಮಹಾಯುದ್ಧದ ನಂತರ ಯೂರೋಪಿನಲ್ಲಿ ಮನೆಮಠವಿಲ್ಲದ ಮಕ್ಕಳ ವಿಷಯವಾಗಿ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದುಕೊಟ್ಟ ಅವರ ವರದಿ 1951ರಲ್ಲಿ ಪ್ರಕಟವಾಯಿತು. ಅನ್ನ, ಬಟ್ಟೆ, ಔಷಧಿಗಳೆಲ್ಲ ಸರಿಯಾಗಿದ್ದರೂ ತನ್ನವರೆಂಬ ಒಬ್ಬರು ನಿಲ್ಲದಿದ್ದರೆ ಎಳೆಯ ಮಗು ಸೊರಗುತ್ತದೆ ಎಂಬುದು ಅದರ ಸಾರ. ಮರುವರ್ಷವೇ ಅವರ ಸಹೋದ್ಯೋಗಿ ಜೇಮ್ಸ್ ರಾಬರ್ಟ್ಸನ್ ಎಂಬವರು ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಹುಡುಗಿಯೊಬ್ಬಳನ್ನು ಚಲನಚಿತ್ರದಲ್ಲಿ ಸೆರೆಹಿಡಿದು ವೈದ್ಯರಿಗೆ ತೋರಿಸಿದರು. ಮಕ್ಕಳ ವಾರ್ಡಿಗೆ ತಾಯಿತಂದೆಗಳು ಮನಬಂದಂತೆ ಬರುವುದನ್ನು ಅಲ್ಲಿನ ಆಸ್ಪತ್ರೆಗಳು ಒಪ್ಪುತ್ತಿರಲಿಲ್ಲ. ಅವರನ್ನು ತಡೆಯಬಾರದೆಂದು ಬ್ರಿಟಿಷ್ ಸರ್ಕಾರದ ಸಮಿತಿ ಶಿಫಾರಸು ಮಾಡಿದುದು 1959ರಲ್ಲಿ. ನಮ್ಮ ನಾಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸೌಕರ್ಯಗಳ ಕೊರತೆ ಎಷ್ಟೇ ಇರಲಿ, ಮಗುವಿನ ಮಂಚದ ಕೆಳಗೆ ಚಾಪೆ ಹಾಸಿ ಮಲಗಿದ ತಾಯಿಯನ್ನು ಮಾತ್ರ ಅಲ್ಲಿ ಎಂದೂ ಕಾಣಬಹುದು.

ತಾಯಿಯಿಲ್ಲದ ಕೊರಗಿನ ಮಾತು ಬಂದಾಗ ನಮಗೆ ಬೆಜ್ಜಮಹಾದೇವಿಯ ನೆನಪಾಗುತ್ತದೆ. ಭೀಮಕವಿಯು 1369ರಲ್ಲಿ ರಚಿಸಿದ ಬಸವಪುರಾಣವನ್ನು ಶ್ರವಣ ಮಾಡಿದವರಿಗೆ ಈ ತಾಯಿಯ ಪರಿಚಯವುಂಟು. ಶಿವನಿಗೆ ಎಲ್ಲರೂ ಇದ್ದಾರೆ, ತಾಯಿಯೊಬ್ಬಳಿಲ್ಲ. ಇದ್ದಿದ್ದರೆ ಆಕೆ ಅವನನ್ನು ಜಡೆಗಟ್ಟಲು ಬಿಡುತ್ತಿದ್ದಳೇ, ವಿಷ ಕುಡಿಯಲು ಬಿಡುತ್ತಿದ್ದಳೇ, ಸುಡುಗಾಡಿನಲ್ಲಿ ಅಲೆಯಲು ಬಿಡುತ್ತಿದ್ದಳೇ ಎಂದು ಮರುಗಿ, ತಾನೇ ಅವನಿಗೆ ತಾಯಿಯಾಗಿ, ಎಣ್ಣೆಯೆರೆದು ಹಾಲೂಡಿದವಳು ಆಕೆ. ಪುರಾಣದ ಕಥೆಯನ್ನು ವಿಜ್ಞಾನವೆಂದು ವಾದಿಸುವ ಚಪಲ ನಮಗಿಲ್ಲ. ಆದರೆ ದೇವರ ವಿಚಿತ್ರ ನಡವಳಿಕೆಗೂ ಅವನು ತಬ್ಬಲಿಯಾದುದೇ ಕಾರಣವೆಂದು ಕಂಡ ಆ ಹೆಣ್ಣುಜೀವದ ಕಣ್ಣು ಸಾಮಾನ್ಯವಾದುದಲ್ಲ.

ಇನ್ನು ಆ ದಿನದ ಅಂಗಡಿಯ ಮಾತಿಗೆ ಬರೋಣ. ನಮ್ಮ ತಂಗಿಯ ಮಗಳಿಗೆ ಒಂದೂವರೆ ವರ್ಷದ ಮಗನಿದ್ದಾನೆ. ಆಕೆ ತನಗೊಂದು ಉಡುಪನ್ನು ಆರಿಸಿ, ತೊಟ್ಟು ನೋಡಲೆಂದು ಅಂಗಡಿಯ ಮೂಲೆಯ ಚಿಕ್ಕ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹುಡುಗ ತಂದೆಯ ಕೈ ಕೊಸರಿಕೊಂಡು ಹೋಗಿ ಬಾಗಿಲು ಬಡಿದು ಅತ್ತನು. “ಅಮ್ಮ ಒಳಗಿದ್ದಾಳೆ ಕಂದ, ಈಗ ಬರ್ತಾಳೆ” ಎನ್ನುತ್ತ ತಂದೆ ಪಕ್ಕದಲ್ಲಿಯೇ ಕುಕ್ಕರುಗಾಲಲ್ಲಿ ಕುಳಿತನು. ಬಾಗಿಲ ಕೆಳಗೆ ಗೇಣುದ್ದದ ಸಂದಿಯಿತ್ತು. ಹುಡುಗ ನೆಲಕ್ಕೆ ಮಲಗಿ ನೋಡಿದನು. ಒಳಗಿನಿಂದ ಆಕೆ ಕೈ ಚಾಚಿ ಬೆರಳಾಡಿಸಿದಳು. ಅಳು ನಿಂತಿತು. ಐದು ನಿಮಿಷದ ಮೇಲೆ ಆಕೆ ಹೊರಬಂದಾಗ ಒಮ್ಮೆ ಎತ್ತಿಸಿಕೊಂಡವನು, ಮರುಕ್ಷಣವೇ ಇಳಿದು, ಬಟ್ಟೆಯ ರಾಶಿಗಳ ನಡುವೆ ಆಡಲು ಹೋದನು.

ಇದೇ ಪರೀಕ್ಷೆಯನ್ನು ವಿದ್ವಾಂಸೆಯೊಬ್ಬರು ಪ್ರಯೋಗಶಾಲೆಯಲ್ಲಿ ನಡೆಸಿದ್ದಾರೆ. ಬೋಲ್ಬಿಯವರ ಜೊತೆಗಾರ್ತಿ ಮೇರಿ ಐನ್ಸ್‌ವರ್ತ್ 1954–55ರಲ್ಲಿ ಆಫ್ರಿಕಾದ ಉಗಾಂಡದ ಹಳ್ಳಿಗಳಲ್ಲಿ 26 ಮನೆಗಳಿಗೆ ಮತ್ತೆ ಮತ್ತೆ ಹೋಗಿ ಕುಳಿತು, ಕೂಸುಗಳೂ ತಾಯಂದಿರೂ ಹೇಗಿರುತ್ತಾರೆಂಬುದನ್ನು ನೋಡಿದರು. ಆಮೇಲೆ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಅದೇ ಅಧ್ಯಯನವನ್ನು ಮುಂದುವರಿಸಿ, ಒಂದು ವರ್ಷದ ಆಸುಪಾಸಿನ ಮಕ್ಕಳಿಗಾಗಿ ಇಪ್ಪತ್ತು ನಿಮಿಷದ ಒಂದು ಪರೀಕ್ಷೆಯನ್ನು ರೂಪಿಸಿದರು. ಹೊಸ ಕೋಣೆ, ಆಟಿಕೆಗಳು, ಒಬ್ಬ ಅಪರಿಚಿತೆ. ತಾಯಿ ಎದ್ದು ಹೋಗುತ್ತಾಳೆ, ಮರಳಿ ಬರುತ್ತಾಳೆ. ಮಗು ಅತ್ತಿತೇ ಇಲ್ಲವೇ ಎಂಬುದಕ್ಕಿಂತ, ತಾಯಿ ಮರಳಿದಾಗ ಏನು ಮಾಡಿತೆಂಬುದೇ ಅಲ್ಲಿ ಮುಖ್ಯ. ಕೆಲವು ಮಕ್ಕಳು ತಾಯಿಯ ಬಳಿಗೆ ಹೋಗಿ ಬೇಗ ಸಮಾಧಾನಗೊಂಡು ಆಟಕ್ಕೆ ಮರಳುತ್ತವೆ. ಕೆಲವು ತಾಯಿ ಬಂದರೂ ಅವಳ ಕಡೆ ನೋಡದೆ ಆಟಿಕೆಯಲ್ಲಿ ಮುಳುಗಿದಂತಿರುತ್ತವೆ. ಅವು ಧೈರ್ಯಶಾಲಿಗಳೆಂದು ನಾವು ಮೆಚ್ಚುತ್ತೇವೆ. ಆದರೆ ಅವುಗಳ ಎದೆಬಡಿತವನ್ನು ಅಳೆದು ನೋಡಿದವರಿಗೆ ಒಳಗೆ ಕಳವಳವಿರುವುದು ಕಂಡಿದೆ. ಇನ್ನು ಕೆಲವು ಎತ್ತಿಕೋ ಎಂದು ಕೈಚಾಚಿ, ಎತ್ತಿಕೊಂಡರೆ ಒದೆಯುತ್ತವೆ, ಸಮಾಧಾನವೇ ಆಗುವುದಿಲ್ಲ.

ಈ ಭೇದ ಎಲ್ಲಿಂದ ಬರುತ್ತದೆ? ಮಗುವಿನ ಹುಟ್ಟುಗುಣದ ಪಾಲೂ ಅದರಲ್ಲಿ ಉಂಟು. ಆದರೆ ಐನ್ಸ್‌ವರ್ತ್ ಅವರು ಮನೆಗಳಲ್ಲಿ ಕುಳಿತು ಕಂಡುದು ಬೇರೊಂದು. ಕೂಸು ಅತ್ತಾಗ ಅದರ ಅರ್ಥ ತಿಳಿದು, ತಡಮಾಡದೆ, ಅದಕ್ಕೆ ಬೇಕಾದುದನ್ನೇ ಮಾಡುತ್ತಿದ್ದ ತಾಯಂದಿರ ಮಕ್ಕಳು ಹೆಚ್ಚಾಗಿ ಮೊದಲನೆಯ ಬಗೆಯವಾಗಿದ್ದವು. ಮೊದಲ ತಿಂಗಳುಗಳಲ್ಲಿ ಅಳುವಿಗೆ ಬೇಗ ಓಗೊಡಲ್ಪಟ್ಟ ಕೂಸುಗಳು ವರ್ಷ ತುಂಬುವ ಹೊತ್ತಿಗೆ ಕಡಿಮೆ ಅಳುತ್ತಿದ್ದವೆಂದು ಅವರೂ ಅವರ ಸಹೋದ್ಯೋಗಿಯೂ 1972ರಲ್ಲಿ ಬರೆದರು. “ಅತ್ತಾಗಲೆಲ್ಲ ಎತ್ತಿಕೊಂಡರೆ ಕೈ ರೂಢಿಯಾಗುತ್ತದೆ” ಎಂಬ ನಮ್ಮ ಹಳೆಯ ಮಾತಿಗೆ ಇದು ವಿರುದ್ಧವಾಗಿದೆ. ಹಿರಿಯರ ಮಾತನ್ನು ಹಗುರವಾಗಿ ತಳ್ಳಿಹಾಕುವವರು ನಾವಲ್ಲ. ಇಲ್ಲಿ ಮಾತ್ರ ಹಿರಿಯರಿಗಿಂತ ಅಜ್ಜಿಯರ ಕೈಯೇ ಹೆಚ್ಚು ತಿಳಿದಿತ್ತೆಂದು ತೋರುತ್ತದೆ. ಬಾಯಲ್ಲಿ ಆ ಮಾತನ್ನಾಡುತ್ತಲೇ ಅವರು ಕೂಸನ್ನು ಎತ್ತಿಕೊಂಡಿರುತ್ತಿದ್ದರು.

ಇಷ್ಟೆಲ್ಲ ತಾಯಿಯ ಮಾತಾಯಿತು, ತಂದೆಯೆಲ್ಲಿ? ಬೋಲ್ಬಿಯವರ ಮೇಲೆ ಬಂದ ಮುಖ್ಯ ಆಕ್ಷೇಪಣೆಯೂ ಇದೇ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಶಾಫರ್ ಮತ್ತು ಎಮರ್ಸನ್ ಎಂಬವರು 60 ಕೂಸುಗಳನ್ನು ಒಂದೂವರೆ ವರ್ಷದವರೆಗೆ ನೋಡಿ 1964ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆ ವಯಸ್ಸಿಗೆ ಬಹುಪಾಲು ಮಕ್ಕಳು ಒಬ್ಬರಿಗಿಂತ ಹೆಚ್ಚು ಜನರನ್ನು ಹಚ್ಚಿಕೊಂಡಿದ್ದವು. ಅವರಲ್ಲಿ ತಂದೆ ಮುಖ್ಯನು. ಹೆಚ್ಚು ಹೊತ್ತು ಜೊತೆಗಿದ್ದವರನ್ನೇ ಮಗು ಹಚ್ಚಿಕೊಳ್ಳುತ್ತದೆ ಎಂಬ ನಿಯಮವೂ ಅಲ್ಲಿ ಕಾಣಲಿಲ್ಲ. ಓಗೊಡುವವರನ್ನು, ಆಡಿಸುವವರನ್ನು ಹಚ್ಚಿಕೊಳ್ಳುತ್ತದೆ. ಜರ್ಮನಿಯ ಗ್ರಾಸ್‌ಮನ್ ದಂಪತಿಗಳು ಮಕ್ಕಳನ್ನು ಹದಿನಾರು ವರ್ಷ ಹಿಂಬಾಲಿಸಿ ನೋಡಿ 2002ರಲ್ಲಿ ತಿಳಿಸಿದ ಸಂಗತಿಯೂ ಗಮನಾರ್ಹವಾದುದು. ಎರಡು ವರ್ಷದ ಮಗುವಿನೊಡನೆ ಆಡುವಾಗ ತಂದೆ ಎಷ್ಟು ಸೂಕ್ಷ್ಮಜ್ಞನಾಗಿದ್ದನು, ತಾನೇ ಮಾಡಿ ತೋರಿಸದೆ, ಗದರಿಸದೆ, ಮಗುವಿನ ಕೈಗೆ ಎಷ್ಟು ಅವಕಾಶ ಕೊಟ್ಟನು ಎಂಬುದರ ಗುರುತು, ಅದೇ ಮಗು ಹದಿನಾರರ ಹರೆಯದಲ್ಲಿ ತನ್ನವರನ್ನು ಕುರಿತು ಆಡುವ ಮಾತಿನಲ್ಲಿ ಕಾಣುತ್ತಿತ್ತಂತೆ.

ನಮ್ಮ ಸಮಾಜದಲ್ಲಿ ಕಾಯಕವೆಂದರೆ ವ್ಯಾಪಾರವೆಂಬಷ್ಟು ಅಂಗಡಿ ನಡೆಸುವ ಮನೆತನಗಳಿವೆ. ಅವರನ್ನು ಕೇಳಿದರೆ, ರಾತ್ರಿ ಗಲ್ಲಾಪೆಟ್ಟಿಗೆಗೆ ಬೀಗ ಹಾಕಿ ಮನೆ ಸೇರುವ ಹೊತ್ತಿಗೆ ಕೂಸು ಮಲಗಿರುತ್ತದೆ ಎನ್ನುತ್ತಾರೆ. ಅದು ನಿಜವೇ. ಆದರೆ ಬಟ್ಟೆ ಅಂಗಡಿಯ ಬಾಗಿಲು ಬೆಳಗ್ಗೆ ಹತ್ತಕ್ಕೆ ಮುಂಚೆ ತೆರೆಯುವುದು ಅಪರೂಪ. ಆ ಬೆಳಗು ತಂದೆಯದು. ಮಗುವಿಗೆ ಸ್ನಾನ ಮಾಡಿಸುವುದು, ಲಿಂಗಪೂಜೆಗೆ ಕುಳಿತಾಗ ಮಗ್ಗುಲಲ್ಲಿ ಕೂರಿಸಿಕೊಂಡು ಪತ್ರೆಯನ್ನು ಅದರ ಕೈಗೆ ಕೊಡುವುದು, ಹಾಲು ಕುಡಿಸುವುದು, ಇವು ಹೆಂಗಸರ ಕೆಲಸಗಳೆಂದು ಯಾವ ಶರಣರೂ ಹೇಳಿಲ್ಲ.

ಇಲ್ಲೊಂದು ಕಥೆಯನ್ನು ಬೇರೆ ಕಣ್ಣಿನಿಂದ ನೋಡುವ ಧೈರ್ಯ ಮಾಡುತ್ತೇವೆ. ಹರಿಹರನ ರಗಳೆಯಿಂದ ನಾಡಿಗೆಲ್ಲ ಪರಿಚಿತಳಾದ ಕೋಳೂರ ಕೊಡಗೂಸು ಹಾಲು ಒಯ್ದು ಶಿವನ ಮುಂದಿಟ್ಟಳು. ಕುಡಿಯಲಿಲ್ಲವೆಂದು ಅತ್ತು ತಲೆಯೊಡೆದುಕೊಳ್ಳಹೋದಾಗ ಶಿವನು ಕುಡಿದನು. ಇಷ್ಟನ್ನು ನಮ್ಮ ಮಕ್ಕಳಿಗೆ ಹೇಳುತ್ತೇವೆ, ಮುಂದಿನದನ್ನು ಬೇಗ ಮುಗಿಸಿಬಿಡುತ್ತೇವೆ. ಊರಿನಿಂದ ಮರಳಿದ ತಂದೆ ಮಗಳ ಮಾತನ್ನು ನಂಬಲಿಲ್ಲ. ದೇವಾಲಯಕ್ಕೆ ಕರೆದೊಯ್ದು ಪರೀಕ್ಷಿಸಿದನು. ಶಿವನು ಕುಡಿಯದಿರಲು ಸಿಟ್ಟಾಗಿ ಹೊಡೆಯಲು ಬಂದನು. ಆ ಕೂಸು ಓಡಿಹೋಗಿ ಲಿಂಗವನ್ನು ತಬ್ಬಿಕೊಂಡಿತು. ಅದು ಲಿಂಗದೊಳಗೆ ಐಕ್ಯವಾಗುವಾಗ ತಂದೆಯ ಕೈಗೆ ಸಿಕ್ಕುದು ಕೂದಲು ಮಾತ್ರ. ಭಕ್ತಿಯ ದೃಷ್ಟಿಯಿಂದ ಇದು ಪರಮಪದವೇ ಸರಿ. ಆದರೆ ಮಕ್ಕಳು ಹೆದರಿದಾಗ ತಬ್ಬಿಕೊಳ್ಳಲು ಓಡುವುದು ಹಚ್ಚಿಕೊಂಡವರ ಬಳಿಗೆ ಎಂಬುದನ್ನು ಹರಿಹರನು ಬಲ್ಲನು. ಇಲ್ಲಿ ಹೆದರಿಸಿದವನೇ ತಂದೆಯಾದುದರಿಂದ ಆ ಮಗುವಿಗೆ ಓಡಲು ಮನೆಯಲ್ಲಿ ಸ್ಥಳವಿರಲಿಲ್ಲ.

ಬೋಲ್ಬಿಯವರು 1973ರ ತಮ್ಮ ಗ್ರಂಥದಲ್ಲಿ ಎತ್ತಿ ಹೇಳುವ ಮಾತೂ ಇದಕ್ಕೆ ಹತ್ತಿರದ್ದು. ನಿಜವಾದ ಅಗಲಿಕೆಯಂತೆಯೇ, ಬಿಟ್ಟುಹೋಗುತ್ತೇವೆಂಬ ಬೆದರಿಕೆಯೂ ಮಕ್ಕಳಲ್ಲಿ ಆತಂಕವನ್ನು ಬಿತ್ತುತ್ತದೆ. ದೊಡ್ಡವರಿಗೆ ಅದು ಬಾಯಿಮಾತು. ಮೂರು ವರ್ಷದ ಮಗುವಿಗೆ ಬಾಯಿಮಾತು ಮತ್ತು ನಿಜ ಎಂಬ ಎರಡು ಇಲ್ಲ. ಗುಮ್ಮನಿಗೆ ಕೊಡುತ್ತೇವೆ, ಪೊಲೀಸರಿಗೆ ಹಿಡಿದುಕೊಡುತ್ತೇವೆ, ಇಲ್ಲೇ ಬಿಟ್ಟು ಹೋಗುತ್ತೇವೆ ಎಂಬ ಮಾತುಗಳು ಕೆಲಸಕ್ಕೆ ಬರುವುದು ಮಗು ನಮ್ಮನ್ನು ಹಚ್ಚಿಕೊಂಡಿರುವುದರಿಂದಲೇ. ಅದರ ಪ್ರೀತಿಯನ್ನೇ ಅದನ್ನು ಹೊಡೆಯುವ ಕೋಲಾಗಿ ಮಾಡಿಕೊಳ್ಳುವುದು ಯಾವ ನ್ಯಾಯ? ಅದಕ್ಕಿಂತ, ಅಳುತ್ತಿರುವ ಮಗುವನ್ನು ಹಾಗೆಯೇ ಎತ್ತಿಕೊಂಡು ಹೊರಟುಬಿಡುವುದು ಎಷ್ಟೋ ಮೇಲು. ಬೀದಿಯವರು ನೋಡುತ್ತಾರೆ, ನೋಡಲಿ.

ಕದ್ದುಹೋಗುವುದೂ ಇದೇ ಜಾತಿಯದು. ಮಗು ಆಟದಲ್ಲಿ ಮೈಮರೆತಾಗ ಹಿತ್ತಿಲ ಬಾಗಿಲಿನಿಂದ ಕೆಲಸಕ್ಕೆ ಹೋಗುವ ತಾಯಂದಿರನ್ನು ನಾವು ಬಲ್ಲೆವು. ಅಳು ಕೇಳಲಾರದೆ ಹಾಗೆ ಮಾಡುತ್ತಾರೆ. ಅವರ ಕಷ್ಟವನ್ನು ಅರಿಯದೆ ಬುದ್ಧಿ ಹೇಳುವುದು ಸುಲಭ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 12 ವಾರಗಳಿಂದ 26 ವಾರಗಳಿಗೆ ಏರಿತು. 50 ಅಥವಾ ಅದಕ್ಕೂ ಹೆಚ್ಚು ಮಂದಿ ದುಡಿಯುವ ಕಡೆ ಶಿಶುಪಾಲನಾ ಕೇಂದ್ರವಿರಬೇಕೆಂಬ ನಿಯಮವೂ ಬಂದಿತು. ಒಳ್ಳೆಯದೇ. ಆದರೆ 26 ವಾರವೆಂದರೆ ಆರು ತಿಂಗಳು. ಕೂಸಿಗೆ ತನ್ನವರಾರೆಂದು ಖಚಿತವಾಗುವ ಹೊತ್ತಿಗೆ ಸರಿಯಾಗಿ ರಜೆ ಮುಗಿಯುತ್ತದೆ. ಇನ್ನು ಐದಾರು ಹೆಣ್ಣುಮಕ್ಕಳು ಸೀರೆ ಬಿಡಿಸಿ ತೋರಿಸುವ ಅಂಗಡಿಗೆ ಐವತ್ತರ ಲೆಕ್ಕ ಎಲ್ಲಿಂದ ಬರಬೇಕು? ಆ ಸಂಜೆ ನಮಗೆ ಸೀರೆ ತೋರಿಸಿದ ಹುಡುಗಿ ನಡುವೆ ಎರಡು ಸಲ ಮನೆಗೆ ಫೋನು ಮಾಡಿ, “ಹಾಲು ಕುಡಿದನಾ?” ಎಂದು ಕೇಳಿದುದು ನಮ್ಮ ಕಿವಿಗೆ ಬಿದ್ದಿತು. ಆಕೆಯ ಮನೆಯಲ್ಲಿ ಅತ್ತೆಯಿದ್ದಾರಂತೆ. ದುಡಿಯುವ ತಾಯಿಯ ಮಗು ಕೆಡುತ್ತದೆ ಎಂದು ಯಾರಾದರೂ ಹೇಳಿದರೆ ಅದನ್ನು ನಂಬಬೇಕಾಗಿಲ್ಲ. ದಿನವೂ ಕೈ ಬದಲಾಗದಂತೆ, ಮಗು ಹಚ್ಚಿಕೊಂಡ ಇನ್ನೊಬ್ಬರು ಮನೆಯಲ್ಲೋ ಕೇಂದ್ರದಲ್ಲೋ ಇದ್ದರೆ ಸಾಕು.

ತಾಯಿಗೇ ಶಕ್ತಿ ಕುಂದಿದಾಗ ಏನು ಮಾಡಬೇಕೆಂಬುದಕ್ಕೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಒಂದು ದಾರಿ ತೋರಿಸಿದೆ. ಹೆರಿಗೆಯಾದ ಮೇಲೆ ಕೆಲವು ಬಾಣಂತಿಯರಿಗೆ ಮನಸ್ಸು ಕದಡುತ್ತದೆ. ಸಾವಿರ ಹೆರಿಗೆಗಳಲ್ಲಿ ಒಂದೆರಡು ಕಡೆ ಅದು ತೀವ್ರವಾದ ಕಾಯಿಲೆಯ ರೂಪ ತಾಳುತ್ತದೆ. ಗಾಳಿ ಸೋಕಿದೆಯೆಂದು ಬಗೆದು ಕೂಸನ್ನು ಕಿತ್ತುಕೊಂಡು ಬಾಣಂತಿಯನ್ನು ಬೇರಿಡುವ ಮನೆಗಳನ್ನು ನಾವು ಕಂಡಿದ್ದೇವೆ. ನಿಮ್ಹಾನ್ಸ್‌ನಲ್ಲಿ 2009ರಲ್ಲಿ ಆರಂಭವಾದ ತಾಯಿ–ಮಗು ವಿಭಾಗದಲ್ಲಿ ಕೂಸನ್ನು ಅಗಲಿಸದೆ, ತಾಯಿಯ ಜೊತೆಯಲ್ಲಿಯೇ ಇರಿಸಿಕೊಂಡು ಚಿಕಿತ್ಸೆ ಮಾಡುತ್ತಾರೆ. ಮನೆಯ ಹೆಂಗಸೊಬ್ಬರೂ ಜೊತೆಗಿರುತ್ತಾರೆ. ಕಾಯಿಲೆಗೆ ಔಷಧಿ ಕೊಡುವಷ್ಟೇ ಮುತುವರ್ಜಿಯಿಂದ, ಕೂಸಿನೊಡನೆ ಮಾತಾಡಲು, ಅದನ್ನು ಮುಟ್ಟಲು, ಆಡಿಸಲು ತಾಯಿಗೆ ನೆರವಾಗುತ್ತಾರೆ. ಸಕಾಲದಲ್ಲಿ ಚಿಕಿತ್ಸೆಯಾದರೆ ಈ ಕಾಯಿಲೆ ಗುಣವಾಗುವಂಥದು. ಈ ಪತ್ರಿಕೆಯನ್ನು ಓದುವ ಅತ್ತೆಯಂದಿರೂ ಗಂಡಂದಿರೂ ಇದನ್ನು ನೆನಪಿಡಬೇಕೆಂದು ವಿನಂತಿಸುತ್ತೇವೆ.

ನಮ್ಮದೇ ಒಂದು ಸಂಗತಿಯನ್ನು ಹೇಳದೆ ಇಟ್ಟುಕೊಂಡರೆ ಈ ಬರೆಹ ಪ್ರಾಮಾಣಿಕವಾಗದು. ಏಳನೆಯ ವಯಸ್ಸಿನಲ್ಲಿ ನಮ್ಮನ್ನು ವಿದ್ಯೆಗಾಗಿ ಮಠವೊಂದಕ್ಕೆ ಸೇರಿಸಿದರು. ತಂದೆಯವರು ಕೈಹಿಡಿದು ಕರೆತಂದು, ಪೂಜ್ಯರಿಗೆ ಅಡ್ಡಬೀಳಿಸಿ, ಪ್ರಸಾದದ ಪಂಕ್ತಿಯಲ್ಲಿ ಕೂರಿಸಿದರು. ಉಂಡು ಏಳುವಷ್ಟರಲ್ಲಿ ಅವರಿರಲಿಲ್ಲ. ಮಠದಲ್ಲಿ ನಮಗೆ ಯಾವ ಕೊರತೆಯೂ ಆಗಲಿಲ್ಲ; ಅಕ್ಷರ, ಅನ್ನ, ಸಂಸ್ಕಾರ ಎಲ್ಲವೂ ಅಲ್ಲಿಯದೇ. ಆದರೆ ಎಷ್ಟೋ ವರ್ಷ ಪಂಕ್ತಿಯಲ್ಲಿ ಕುಳಿತಾಗ ಬಾಗಿಲು ಕಾಣುವ ಜಾಗವನ್ನೇ ಹುಡುಕುತ್ತಿದ್ದೆವು. ಅದನ್ನು ಗುರುತಿಸಿದವರು ದಾಸೋಹದ ಅಡುಗೆ ಮಾಡುತ್ತಿದ್ದ ಒಬ್ಬ ಮುದುಕರು. ಏನೂ ಕೇಳದೆ, ಬಡಿಸುವುದು ಮುಗಿದ ಮೇಲೆ ತಮ್ಮ ತಟ್ಟೆಯನ್ನು ತಂದು ನಮ್ಮ ಪಕ್ಕದಲ್ಲಿ ಕುಳಿತು ಉಣ್ಣತೊಡಗಿದರು. ಅವರನ್ನು ನಾವು ಹಚ್ಚಿಕೊಂಡೆವು. ಹಚ್ಚಿಕೊಂಡ ಮೇಲೆಯೇ ಪಾಠ ತಲೆಗೆ ಹತ್ತಿದುದು. ಬಹುಕಾಲದ ನಂತರ ತಂದೆಯವರನ್ನು ಒಮ್ಮೆ ಕೇಳಿದೆವು. “ಹೇಳಿದ್ರ ನೀ ಅಳ್ತಿದ್ದಿ. ನಾನೂ ಅಳ್ತಿದ್ದೆ. ಪೂಜ್ಯರ ಮುಂದ ಹ್ಯಾಂಗ ಅಳೂದು?” ಎಂದರು. ಅವರಿಗೆ ಅಳಬಾರದೆಂದು ಯಾರು ಕಲಿಸಿದ್ದರೋ.

ತಂಗಿಯ ಮಗಳು ಈಗ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾಳೆ. ಹುಡುಗನನ್ನು ಮನೆಯ ಹತ್ತಿರದ ಶಿಶುವಿಹಾರಕ್ಕೆ ಬಿಡುವ ಮೊದಲು ಅವಳು ನಮ್ಮನ್ನು ಕೇಳಿದಳು: “ಮಾವಾ, ಆಟಕ್ಕೆ ಬಿಟ್ಟು ಸುಮ್ಮನೆ ಬಂದುಬಿಡಲಾ?” ಬೇಡ, ಹೇಳಿಯೇ ಬಾ ಎಂದೆವು. ಮೊದಲ ವಾರ ಅವಳೂ ಅಲ್ಲಿ ಸ್ವಲ್ಪ ಹೊತ್ತು ಕುಳಿತಳು. ಅವನ ತಲೆದಿಂಬಿನ ಮೇಲೆ ತನ್ನ ಹಳೆಯ ಸೀರೆಯ ತುಂಡನ್ನು ಹಾಸಿದಳು. “ನೀನು ಉಂಡು ಮಲಗಿ ಎದ್ದ ಮೇಲೆ ಅಪ್ಪ ಬರ್ತಾರೆ” ಎಂದು ಹೇಳಿ, ಅವನು ಅಳುತ್ತಿದ್ದಂತೆಯೇ ಹೊರಬಂದಳು. ಕರೆತರುವ ಕೆಲಸವನ್ನು ಅವಳ ಗಂಡನು ವಹಿಸಿಕೊಂಡಿದ್ದಾನೆ. ಎರಡನೆಯ ವಾರದ ಹೊತ್ತಿಗೆ ಅಳು ಬಾಗಿಲವರೆಗೆ ಮಾತ್ರ ಉಳಿಯಿತು. ಒಂದು ದಿನ ಮಳೆಯಲ್ಲಿ ರಸ್ತೆ ಕಟ್ಟಿ ಅಪ್ಪ ಮುಕ್ಕಾಲು ಗಂಟೆ ತಡಮಾಡಿದನು; ಅಂದು ರಾತ್ರಿ ಹುಡುಗ ಎರಡು ಸಲ ಎದ್ದು ಅಪ್ಪನ ಮುಖ ಮುಟ್ಟಿ ನೋಡಿ ಮಲಗಿದನಂತೆ. ಮರುದಿನದಿಂದ ಅಪ್ಪ ಕಚೇರಿಯಿಂದ ಅರ್ಧ ಗಂಟೆ ಮೊದಲೇ ಹೊರಡುತ್ತಿದ್ದಾನೆ.